ಚಿಗವ್ವ ಆರಿಸಿದ ಮೆಣಸಿನಕಾಯಿ

ಆ ವರ್ಷಗಳ ದಿನಚರಿ ಪುಸ್ತಕಗಳು ನನ್ನ ಹತ್ತಿರ ನಾಲ್ಕಿವೆ. ಇದನ್ನು ಬರೆಯಲು ಕೂತಾಗ ಅವನ್ನು ಮುಟ್ಟಬಾರದು, ನೆನಪಿದ್ದಷ್ಟನ್ನೇ ಬರೆಯಬೇಕು ಎಂದುಕೊಂಡಿದ್ದೆ. ಎರಡು ಪುಟ ಆದ ಮೇಲೆ ಸಂಶಯ ಬಂದು ತೆಗೆದು ನೋಡಿದೆ. ಚಿಗವ್ವನನ್ನು ಮೊದಲ ಸಲ ಹಾವೇರಿಗೆ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದದ್ದು ನಾನು ಎಂದು ಬರೆದಿದ್ದೆ. ದಿನಚರಿಯ ಪ್ರಕಾರ ಹೋದದ್ದು ಅವ್ವ. ನಾನು ಆ ದಿನ ಧಾರವಾಡದ ಪ್ರಯೋಗಾಲಯದಲ್ಲಿದ್ದೆ. ಆದರೂ ಅಲ್ಲಿನ ಹಸಿರು ಪರದೆ, ಮೂಲೆಯ ಚಪ್ಪಲಿಗಳು, ಗೋಡೆಗೆ ಮುಖ ಮಾಡಿ ಮಲಗಿದ ಚಿಗವ್ವ ನನ್ನ ಕಣ್ಣಿಗೆ ಕಟ್ಟಿದಂತಿವೆ. ಅವ್ವ ಹೇಳಿದ್ದನ್ನು ನಾನು ಕಂಡದ್ದನ್ನಾಗಿ ಮಾಡಿಕೊಂಡಿದ್ದೇನೆ. ಹಾಗಾಗಿ ಎಲ್ಲಿ ದಿನಚರಿಯ ಆಧಾರವಿದೆ, ಎಲ್ಲಿಲ್ಲ ಎಂಬುದನ್ನು ಹೇಳುತ್ತಲೇ ಹೋಗುತ್ತೇನೆ. ಮುಂದೆ ಬರುವ ಒಂದು ಜಾಗದಲ್ಲಿ ಅದು ಮುಖ್ಯವಾಗುತ್ತದೆ.

ಚಿಗವ್ವ ನನ್ನ ಅವ್ವನ ತಂಗಿ. ಇಬ್ಬರೂ ಹಲಗೇರಿಯಲ್ಲಿ ಹುಟ್ಟಿದವರು. ಅವ್ವನನ್ನು ಕೊಟ್ಟದ್ದು ರಾಣೆಬೆನ್ನೂರಿಗೆ, ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಅಪ್ಪನಿಗೆ. ಚಿಗವ್ವನನ್ನು ಕೊಟ್ಟದ್ದು ಬ್ಯಾಡಗಿಗೆ. ಅವಳ ಗಂಡ ಲಾರಿ ಓಡಿಸುತ್ತಿದ್ದ, ಹೆಚ್ಚು ದಿನ ಊರಲ್ಲಿರುತ್ತಿರಲಿಲ್ಲ. ಚಿಗವ್ವ ಮೆಣಸಿನಕಾಯಿ ದಾಸ್ತಾನಿಡುವ ವಖಾರವೊಂದರಲ್ಲಿ ತುಂಬು ಬಿಡಿಸುವ, ಎಂದರೆ ಒಣಕಾಯಿಯ ತೊಟ್ಟು ಕೀಳುವ ಹೆಂಗಸರ ಗುಂಪಿಗೆ ಹಿರಿಯಳಾಗಿದ್ದಳು. ಹನ್ನೆರಡು ಜನ ಗೋಣಿತಟ್ಟಿನ ಮೇಲೆ ಕಾಯಿಯ ಗುಡ್ಡೆಯ ಸುತ್ತ ಕೂತು ಬೆಳಗಿನಿಂದ ಸಂಜೆಯವರೆಗೆ ಬಿಡಿಸುತ್ತಿದ್ದರು. ತುಂಬು ಬಿಡಿಸುವುದು ಯಾರಿಗಾದರೂ ಬರುತ್ತದೆ, ಆರಿಸುವುದು ಬರುವುದಿಲ್ಲ. ಬಿಳಿಚಿದ್ದು, ಮುರಿದದ್ದು, ಬಣ್ಣ ಕಪ್ಪಿಟ್ಟದ್ದು ಎಲ್ಲ ಬೇರೆ ಬೇರೆ ಮಾಡುವಾಗ ಚಿಗವ್ವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಬೀಜದ ಸದ್ದಿನಿಂದಲೇ ಎಷ್ಟು ಒಣಗಿದೆ ಎಂದು ಹೇಳುತ್ತಿದ್ದಳು. ವಖಾರದ ಸಾವುಕಾರ ಕೂಡ ಒಮ್ಮೊಮ್ಮೆ ಹಿಡಿಕಾಯಿ ತಂದು ಅವಳ ಮುಂದೆ ಸುರಿದು, "ಇದನ್ನ ನೋಡಬೇ ಒಂದ ಸಲ" ಎನ್ನುತ್ತಿದ್ದನಂತೆ. ಈ ಮಾತು ಚಿಗವ್ವನದೇ. ನಾನು ಕಂಡಿಲ್ಲ.

ಸ್ಕ್ಯಾನಿಂಗಿನ ಕಥೆ ಅವ್ವ ಹೇಳಿದಂತೆ ಹೀಗಿದೆ. ಚಿಗವ್ವನಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಅನ್ನಿಸುತ್ತಿತ್ತು. ಡಾಕ್ಟರು ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ನೋಡಿ, "ಲಿವರಿನ್ಯಾಗ ಕೊಬ್ಬು ಕುಂತೈತ್ರಿ, ಎರಡನೇ ಗ್ರೇಡ್" ಎಂದರು. ಚಿಗವ್ವ ಎದ್ದು ಕೂತಳು.

"ನಾ ಎಂದರ ಕುಡದೇನೇನ್ರಿ? ಲಿವರ್ ಕೆಡಬೇಕಂದ್ರ ಕುಡೀಬೇಕಲ್ರಿ?"

"ಕುಡೀದವರಿಗೂ ಬರತೈತ್ರಿ."

"ಹಂಗಾರ ಇಷ್ಟ ವರ್ಷ ಕುಡಿಯೂದನ್ನ ಸುಮ್ಮನ ಬಿಟ್ಟಂಗಾತು ಅನ್ರಿ."

ಮರುದಿನ ವಖಾರದಲ್ಲಿ ಗೆಳತಿಯರು ಬಿಡುತ್ತಾರೆಯೇ? "ಯಾವ ಅಂಗಡ್ಯಾಗ ಕುಡೀತಿ ಬೇ? ನಮಗೂ ಒಂದ ಗುಟುಕ ಉಳಿಸು." ಚಿಗವ್ವ, "ನಿಮ್ಮ ಗಂಡಂದಿರು ಕುಡದ ಮ್ಯಾಲ ಊರಾಗ ಏನರ ಉಳದಿದ್ರಲ್ಲ" ಎಂದಳಂತೆ. ಆದರೆ ಡಾಕ್ಟರ ಮಾತನ್ನು ಅವಳು ಹಗುರವಾಗಿ ತೆಗೆದುಕೊಳ್ಳಲಿಲ್ಲ. ದಿನಾ ಒಂದು ತಾಸು ನಡೆಯಬೇಕು, ಎಣ್ಣೆ ಸಕ್ಕರೆ ಕಡಿಮೆ ಮಾಡಬೇಕು, ಆರು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು. ಸೆರಗು ಸಿಕ್ಕಿಸಿಕೊಂಡು ಮೋಟೆಬೆನ್ನೂರು ರಸ್ತೆಯಲ್ಲಿ ಬೆಳಿಗ್ಗೆ ನಡೆಯಲು ಶುರುಮಾಡಿದಳು. ಎರಡು ತಿಂಗಳಲ್ಲಿ ಜಂಪರು ಸಡಿಲಾಯಿತು ಎಂದು ಅವ್ವನ ಮುಂದೆ ಹೇಳಿಕೊಂಡಳು.

ನನ್ನ ಸಂಶೋಧನೆಯೂ ಇದೇ ರೋಗದ್ದು. ಇದು ಕಾಕತಾಳೀಯ. ಚಿಗವ್ವನಿಗಾಗಿ ಈ ವಿಷಯ ಆರಿಸಿಕೊಂಡೆ ಎಂದು ನಾನು ಮುಂದೆ ಕೆಲವರಿಗೆ ಹೇಳಿದ್ದುಂಟು. ಅದು ಸುಳ್ಳು. ಅವಳಿಗೆ ರೋಗ ಗೊತ್ತಾಗುವ ಹೊತ್ತಿಗೆ ನಾನು ಧಾರವಾಡದಲ್ಲಿ ಸಂಶೋಧನೆಗೆ ಸೇರಿ ವರ್ಷವಾಗಿತ್ತು.

ಒಂದು ಸಲ ಬ್ಯಾಡಗಿಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತ, "ಇದನ್ನ ಓದಾಕತ್ತೀ ಅಂತಲ್ಲ ನೀ. ನನ್ನ ಲಿವರಿನ್ಯಾಗ ಏನ್ ನಡದೈತಿ, ಹೇಳು ನೋಡೂಣು" ಎಂದಳು. ಕೋಶದೊಳಗೆ ಪ್ರೋಟೀನುಗಳನ್ನು ಮಡಿಚಿ ಸರಿಯಾದ ಆಕಾರಕ್ಕೆ ತರುವ ಜಾಗವೊಂದಿದೆ. ಪುಸ್ತಕದಲ್ಲಿ ಅದಕ್ಕೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಹೆಸರು. ಆ ಹೆಸರನ್ನು ಬಿಟ್ಟು ಅವಳ ವಖಾರವನ್ನೇ ಹಿಡಿದೆ. ಹನ್ನೆರಡು ಜನ ಕೂತಿದ್ದೀರಿ, ಇಪ್ಪತ್ತು ಚೀಲ ಬಂದು ಬಿತ್ತು, ಏನಾಗುತ್ತದೆ?

"ಬಿಡಸದ ಕಾಯಿ ಗುಡ್ಡಿ ಬೀಳತೈತಿ."

ಯಕೃತ್ತಿನ ಕೋಶಕ್ಕೂ ಹಾಗೇ ಎಂದೆ. ಕೊಬ್ಬು ಹೆಚ್ಚಾಗಿ ಒಳಗಿನ ಕೆಲಸ ಕೆಡುತ್ತದೆ, ಮಡಿಚದ ಪ್ರೋಟೀನು ಗುಡ್ಡೆ ಬೀಳುತ್ತದೆ. ಆಗ ಕೋಶ ಮೊದಲು ಹೊಸ ಚೀಲ ಬರುವುದನ್ನು ತಡೆಯುತ್ತದೆ, ಆಮೇಲೆ ಹೆಚ್ಚು ಆಳುಗಳನ್ನು ಕರೆಯುತ್ತದೆ, ಅದರಿಂದಲೂ ಆಗದಿದ್ದರೆ ತಾನೇ ಬಾಗಿಲು ಹಾಕಿಕೊಂಡು ಸಾಯುತ್ತದೆ. ಇದಕ್ಕೆ ನಾವು ಕೋಶದ ಒತ್ತಡ ಎನ್ನುತ್ತೇವೆ. ಎಷ್ಟು ಆಳು ಕರೆದಿದೆ ಎಂದು ಅಳೆದರೆ ಒತ್ತಡ ಎಷ್ಟಿದೆ ಎಂದು ತಿಳಿಯುತ್ತದೆ, ನಾನು ಮಾಡುವುದು ಅದನ್ನೇ.

ಚಿಗವ್ವ ರೊಟ್ಟಿ ತಿರುವಿ ಹಾಕಿದಳು. "ಆಳ ಎಣಸಾಕ ಇಷ್ಟ ವರ್ಷ ಓದಬೇಕೇನ? ಸಾವುಕಾರಗ ಚೀಲ ಇಳಸಬ್ಯಾಡ ಅಂತ ಹೇಳಿದ್ರ ಮುಗೀತು."

ಇಷ್ಟು ವರ್ಷ ಪಾಠ ಮಾಡಿದ ಮೇಲೂ ಈ ರೋಗಕ್ಕೆ ಇದಕ್ಕಿಂತ ಸರಿಯಾದ ಸಲಹೆ ನನಗೆ ಸಿಕ್ಕಿಲ್ಲ.

ಮೆಣಸಿನಕಾಯಿ ನಮ್ಮ ಕೆಲಸದೊಳಗೆ ಬಂದದ್ದು ನನ್ನ ಮಾರ್ಗದರ್ಶಕರಿಂದ. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಸ್ಥಳೀಯ ಬೆಳೆಗಳ ಬಣ್ಣದ ಅಂಶ ಯಕೃತ್ತಿನ ಕೋಶಗಳ ಒತ್ತಡವನ್ನು ತಗ್ಗಿಸುತ್ತದೆಯೇ ನೋಡಬೇಕೆಂದು ಅವರ ಯೋಜನೆ. ಕೆಂಪಿಗೆ ಬ್ಯಾಡಗಿ ಕಾಯಿಗಿಂತ ಯಾವುದಿದೆ? "ಅಲ್ಲಿ ನಿಮ್ಮವರು ಯಾರರ ಅದಾರೇನ್ರಿ?" ಎಂದು ಕೇಳಿದರು. ನಾನು ಹೆಮ್ಮೆಯಿಂದ ಇದ್ದಾರೆ ಎಂದೆ.

ಚಿಗವ್ವ ಎರಡು ಕಿಲೋ ಕಾಯಿಯನ್ನು ಬಟ್ಟೆಯ ಚೀಲದಲ್ಲಿ ಕಾಗದ ಹಾಸಿ ತುಂಬಿ ಕಳಿಸಿದಳು. ಒಂದೊಂದೂ ಉದ್ದ, ಮೈತುಂಬ ಸುಕ್ಕು, ಕಡುಗೆಂಪು. ಪ್ರಯೋಗಾಲಯದವರೆಲ್ಲ ಬಂದು ನೋಡಿ ಹೋದರು.

ಅದರಿಂದ ತೆಗೆದ ಬಣ್ಣ ಕೆಲಸ ಮಾಡಿತು. ಬಟ್ಟಲಿನಲ್ಲಿ ಬೆಳೆಸಿದ ಯಕೃತ್ತಿನ ಕೋಶಗಳಿಗೆ ಗಟ್ಟಿಕೊಬ್ಬಿನ ಆಮ್ಲ ಉಣಿಸಿದರೆ ಒತ್ತಡದ ಪ್ರೋಟೀನು, ಎಂದರೆ ಕೋಶ ಕರೆದ ಆಳು, ಹೆಚ್ಚಾಗಿ ಎಕ್ಸ್‌ರೇ ಫಿಲ್ಮಿನ ಮೇಲೆ ಕಪ್ಪನೆಯ ಪಟ್ಟಿ ಮೂಡುತ್ತದೆ. ಜೊತೆಗೆ ಮೆಣಸಿನಕಾಯಿಯ ಬಣ್ಣವನ್ನೂ ಕೊಟ್ಟ ಕೋಶಗಳಲ್ಲಿ ಆ ಪಟ್ಟಿ ಮಾಸಿದಂತೆ ತೆಳುವಾಗಿತ್ತು. ಒಂದು ಸಲವಲ್ಲ, ಮೂರು ಸಲ. ಸರ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದರು. ಅದಕ್ಕೆ ಮೊದಲು ಅವರು ಯಾವ ವಿದ್ಯಾರ್ಥಿಗೂ ಚಹಾ ಕುಡಿಸಿದ್ದು ನಮಗೆ ಗೊತ್ತಿರಲಿಲ್ಲ. ಲೇಖನ ಬರೆದು ಒಂದು ಪತ್ರಿಕೆಗೆ ಕಳಿಸಿದೆವು.

ಆ ವಾರ ನಾನು ರಾಣೆಬೆನ್ನೂರಿಗೆ ಹೋಗಿ ಮನೆಯಲ್ಲಿ ಹೇಳಿದೆ. ಹೇಗೆ ಹೇಳಿದೆ ಎಂಬುದು ದಿನಚರಿಯಲ್ಲಿಲ್ಲ. ಬಟ್ಟಲಿನ ಕೋಶ ಬೇರೆ, ಮನುಷ್ಯನ ಹೊಟ್ಟೆ ಬೇರೆ ಎಂದು ಎಚ್ಚರಿಕೆಯಿಂದಲೇ ಹೇಳಿದೆ ಎಂದು ನನ್ನ ನೆನಪು. ಆದರೆ ಅಪ್ಪ ಬೀಜದ ಅಂಗಡಿಯಲ್ಲಿ, ಅವ್ವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಬ್ಯಾಡಗಿ ಮೆಣಸಿನಕಾಯಿ ಲಿವರಿಗೆ ಔಷಧ ಎಂದು ನಮ್ಮ ಹುಡುಗಿ ಕಂಡುಹಿಡಿದಾಳ. ಅವರು ನನ್ನ ಎಚ್ಚರಿಕೆಯನ್ನು ಬಿಟ್ಟು ಹೇಳಿದರೋ, ನಾನು ಎಚ್ಚರಿಕೆಯನ್ನೇ ಹೇಳಿರಲಿಲ್ಲವೋ, ಈಗ ನಿರ್ಣಯಿಸಲಾರೆ.

ಒಂದು ಭಾನುವಾರ ಚಿಗವ್ವ ರಾಣೆಬೆನ್ನೂರಿಗೆ ಬಂದಿದ್ದಳು. ಊಟಕ್ಕೆ ಕೂತಾಗ ತಾಟಿನಲ್ಲಿ ರೊಟ್ಟಿಯ ಪಕ್ಕ ಕೆಂಪುಖಾರದ ದೊಡ್ಡ ಮುದ್ದೆ ಹಾಕಿಸಿಕೊಂಡು, ನಡುವೆ ಬೆರಳಿನಿಂದ ಕುಳಿ ಮಾಡಿ, ಅದರ ತುಂಬ ಶೇಂಗಾ ಎಣ್ಣೆ ಸುರಿದುಕೊಂಡಳು. ನಮ್ಮ ಕಡೆ ಖಾರ ತಿನ್ನುವುದೇ ಹಾಗೆ.

ಅವ್ವ, "ಡಾಕ್ಟರು ಎಣ್ಣಿ ಕಡಿಮಿ ಮಾಡಂದಿದ್ರಲ್ಲ?" ಎಂದಳು.

"ಎಣ್ಣಿ ಇಲ್ಲದ ಖಾರ ಗಂಟಲದಾಗ ಇಳೀತೈತೇನ? ಔಷಧ ತೊಗೊಳ್ಳಾಕತ್ತೇನಿ, ಸುಮ್ಮನಿರು. ಕೇಳು ನಿನ್ನ ಮಗಳನ್ನ."

"ನಡಿಯೂದು?"

"ಮುಂಜಾನೆದ್ದು ನಾಯಿ ಕಾಟ. ದಿನಾ ಮೆಣಸಿನಕಾಯಿ ನಡುವನ ಕುಂದ್ರತೇನಿ, ನನಗೇನಾಗತೈತಿ? ಹೌದಿಲ್ಲ ಬೇ ತಂಗಿ?"

ಕೊನೆಯ ಮಾತು ನನಗೆ. ನಾನು ನಕ್ಕೆ. ನಕ್ಕದ್ದು ದಿನಚರಿಯಲ್ಲಿದೆ: "ಚಿಗವ್ವ ಖಾರದ ಗುಡ್ಡದ ಮೇಲೆ ಎಣ್ಣೆಯ ಕೆರೆ ಕಟ್ಟಿದಳು. ಎಲ್ಲರೂ ನಕ್ಕೆವು." ಅದರ ಮುಂದೆ ಏನೂ ಬರೆದಿಲ್ಲ. ನಾನು ಅವಳಿಗೆ ನಡೆಯುವುದನ್ನು ಬಿಡಬೇಡ ಎಂದು ಹೇಳಿದ್ದರೆ ಅದನ್ನು ಬರೆಯುತ್ತಿದ್ದೆ. ನಾನು ಒಳ್ಳೆಯದು ಮಾಡಿದಾಗಲೆಲ್ಲ ಬರೆದಿಟ್ಟಿದ್ದೇನೆ.

ಎರಡು ಕಿಲೋ ಮುಗಿಯಿತು. ಸರ್ ಪರಿಚಯದ ವ್ಯಾಪಾರಿಯೊಬ್ಬರಿಂದ ಬ್ಯಾಡಗಿಯದೇ ಕಾಯಿಯ ಚೀಲವೊಂದನ್ನು ನೇರವಾಗಿ ತರಿಸಿದರು. ಅದರಿಂದ ತೆಗೆದ ಬಣ್ಣ ಏನೂ ಮಾಡಲಿಲ್ಲ. ಪಟ್ಟಿ ಕಪ್ಪಗೇ ಉಳಿಯಿತು. ನಾಲ್ಕು ತಿಂಗಳು ಅದೇ ಹಾಡು. ಕರೆಂಟು ಹೋಗಿ ಕೋಶಗಳು ಕೆಟ್ಟವೆಂದೆ, ರಾಸಾಯನಿಕ ಹಳತಾಯಿತೆಂದೆ. ಸರ್ ಮೊದಮೊದಲು ಸಮಾಧಾನ ಹೇಳಿದರು, ಆಮೇಲೆ ನನ್ನ ಮೇಜಿನ ಹತ್ತಿರ ಬರುವುದನ್ನೇ ಬಿಟ್ಟರು. ಕೊನೆಗೆ ನಾನು ಚಿಗವ್ವನಿಗೆ ಫೋನು ಮಾಡಿ ಮತ್ತೆ ಕಾಯಿ ಕೇಳಿದೆ. ಅವಳ ಕಾಯಿ ಬಂದದ್ದೇ ತಡ, ಪಟ್ಟಿ ಮತ್ತೆ ತೆಳುವಾಯಿತು.

ಆ ಸಂತೋಷದಲ್ಲಿ ನಾನು ಒಂದು ಸಿದ್ಧಾಂತವನ್ನೇ ಕಟ್ಟಿದೆ. ಗುಣ ಎಲ್ಲ ಬ್ಯಾಡಗಿ ಕಾಯಿಯಲ್ಲಿಲ್ಲ, ಚಿಗವ್ವ ಆರಿಸಿದಂಥ ಕಾಯಿಯಲ್ಲಿ ಮಾತ್ರ ಇದೆ. ಅವಳ ಕಣ್ಣಿಗೆ ಹತ್ತುವ ಏನೋ ಒಂದು ನಮ್ಮ ಯಂತ್ರಕ್ಕೆ ಹತ್ತುತ್ತಿಲ್ಲ. ಸರ್ ಒಪ್ಪಿದರು. "ಹೋಗಿ ಕುಂತು ನೋಡ್ರಿ. ಆಕಿ ಹೆಂಗ ಆರಸ್ತಾರ, ಉದ್ದ ಎಷ್ಟು, ಬಣ್ಣ ಎಂಥಾದ್ದು, ಎಲ್ಲಾ ಬರಕೊಂಡ ಬರ್ರಿ."

ಹಾಗೆ ನಾನು ಅಳತೆಪಟ್ಟಿ, ಬಣ್ಣದ ನಮೂನೆಯ ಕಾಗದ, ಹೊಸ ನೋಟ್‌ಬುಕ್ಕು ಹಿಡಿದು ವಖಾರದಲ್ಲಿ ಹೋಗಿ ಕೂತೆ. ಘಾಟಿಗೆ ಸೀನಿ ಸೀನಿ ಕಣ್ಣಲ್ಲಿ ನೀರು. ಹೆಂಗಸರಿಗೆ ಒಳ್ಳೆಯ ಮೋಜು.

"ಲಿವರ್ ಡಾಕ್ಟರಗ ಮೂಗ ತಡಿವಲ್ದು, ನೋಡ್ರೆ."

"ಮೆಣಸಿನಕಾಯಿ ಔಷಧ ಅಲ್ಲೇನ? ಮೂಗಿಗೂ ಆಗತೈತಿ, ಸುಮ್ಕಿರು."

ಚಿಗವ್ವ ಅಂದು ರಾಣಿಯಂತಿದ್ದಳು. ನನ್ನನ್ನು ಬದಿಗೆ ಕೂಡಿಸಿಕೊಂಡು, "ಬರಕೋ" ಎಂದು ಕಾಯಿ ಎತ್ತಿಕೊಂಡಳು. ಎತ್ತಿಕೊಳ್ಳುವ ಮೊದಲು ಪಕ್ಕದಲ್ಲಿದ್ದ ಸ್ಟೀಲಿನ ಬಟ್ಟಲಿಗೆ ಬೆರಳು ಅದ್ದಿ ಎರಡೂ ಅಂಗೈಗೆ, ಬೆರಳ ಸಂದಿಗೆ ತಿಕ್ಕಿಕೊಂಡಳು. ಬಟ್ಟಲು ಅಲ್ಲಿಂದ ಮುಂದಿನವಳಿಗೆ, ಅವಳಿಂದ ಆಚೆಯವಳಿಗೆ ಹೋಯಿತು.

"ಅದೇನು ಚಿಗವ್ವ?"

"ಶೇಂಗಾ ಎಣ್ಣಿ. ಇಲ್ಲಂದ್ರ ಕೈ ಉರದು ಊಟಾ ಮಾಡಾಕ ಬರೂದಿಲ್ಲ. ತಾಸಿಗೊಮ್ಮೆ ಹಚ್ಚಗೋತೇವಿ."

ಪೆನ್ನನ್ನು ನೋಟ್‌ಬುಕ್ಕಿನ ಮೇಲಿಟ್ಟೆ. ಆಮೇಲೆ ಕೇಳಿದೆ, "ನನಗ ಕಳಸೋ ಕಾಯಿ ಆರಸುವಾಗೂ ಹಚ್ಚಗೊಂಡಿದ್ದೇನ?"

"ಮತ್ತ? ನಿನ್ನ ಕಾಯಿಗೆ ಹೆಚ್ಚ ಹಚ್ಚಗೊಂಡೇನಿ. ಒಂದೊಂದು ಮುಟ್ಟಿ, ತಿರುವಿ, ಸದ್ದ ಕೇಳಿ ಆರಸೇನಿ, ಪೂರಾ ಎರಡ ದಿನ. ಕಡೀಕೆ ಅರವಿ ಮ್ಯಾಲ ಹರವಿ ಎಣ್ಣಿ ಕೈ ಆಡಿಸೇನಿ. ಧಾರವಾಡಕ್ಕ ಹೋಗೂವು, ನಾಕ ಮಂದಿ ನೋಡೂವು. ಮಿಂಚಬ್ಯಾಡೇನ?"

ವ್ಯಾಪಾರಿಯಿಂದ ಬಂದ ಚೀಲ ತುಂಬು ಬಿಡಿಸದ ಕಾಯಿ. ಅದನ್ನು ಯಾರ ಎಣ್ಣೆಯ ಕೈಯೂ ಮುಟ್ಟಿರಲಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳದಿದ್ದರೆ ನಡೆಯುವುದಿಲ್ಲ. ಮೆಣಸಿನಕಾಯಿಯ ಬಣ್ಣವನ್ನು ಬಿಡಿಸಿಕೊಳ್ಳಲು ನಾವು ಕ್ಷಾರ ಹಾಕುತ್ತಿದ್ದೆವು. ಎಣ್ಣೆಗೆ ಕ್ಷಾರ ಬಿದ್ದರೆ, ಸಾಬೂನು ಮಾಡುವಾಗ ಆಗುವಂತೆ, ಎಣ್ಣೆ ಒಡೆದು ಅದರೊಳಗಿನ ಕೊಬ್ಬಿನ ಆಮ್ಲಗಳು ಬಿಡಿಯಾಗುತ್ತವೆ. ಶೇಂಗಾ ಎಣ್ಣೆಯಲ್ಲಿ ಹೆಚ್ಚಾಗಿರುವ ಮೆದುಕೊಬ್ಬಿನ ಆಮ್ಲ, ಗಟ್ಟಿಕೊಬ್ಬಿನಿಂದ ಕೋಶಕ್ಕೆ ಬೀಳುವ ಪೆಟ್ಟನ್ನು ತಗ್ಗಿಸುತ್ತದೆ. ಹೇಗೆಂದರೆ, ಕೊಬ್ಬನ್ನೆಲ್ಲ ಹನಿಹನಿಯಾಗಿ ಕಟ್ಟಿ ಕೋಶದೊಳಗೇ ಒಂದು ಮೂಲೆಗೆ ಇಡಿಸುತ್ತದೆ. ಕೋಶಕ್ಕೆ ತಾತ್ಕಾಲಿಕ ಸಮಾಧಾನ. ಒತ್ತಡ ಕಡಿಮೆ, ಆದರೆ ಕೊಬ್ಬು ಹೆಚ್ಚು. ನಾನು ಅಳೆಯುತ್ತಿದ್ದದ್ದು ಒತ್ತಡವನ್ನು ಮಾತ್ರ. ಕೊಬ್ಬನ್ನು ತೋರಿಸುವ ಬೇರೆ ಬಣ್ಣ ಹಾಕಿ ನೋಡಿದ್ದರೆ ಮೊದಲ ತಿಂಗಳಲ್ಲೇ ತಿಳಿಯುತ್ತಿತ್ತು. ಧಾರವಾಡಕ್ಕೆ ಮರಳಿದ ವಾರದಲ್ಲಿ ಬರೀ ಶೇಂಗಾ ಎಣ್ಣೆಯನ್ನೇ ಅದೇ ರೀತಿ ಒಡೆದು ಕೋಶಗಳಿಗೆ ಕೊಟ್ಟೆ. ಪಟ್ಟಿ ತೆಳುವಾಯಿತು. ಸೂಕ್ಷ್ಮದರ್ಶಕದ ಕೆಳಗೆ ಕೋಶಗಳು ಕೊಬ್ಬಿನ ಹನಿ ತುಂಬಿಕೊಂಡು ಉಬ್ಬಿದ್ದವು. ಮೆಣಸಿನಕಾಯಿಯ ಪಾತ್ರ ಇದರಲ್ಲಿ ಏನೇನೂ ಇರಲಿಲ್ಲ.

ಬ್ಯಾಡಗಿಯಿಂದ ಮರಳುವ ಪ್ಯಾಸೆಂಜರ್ ರೈಲಿನಲ್ಲಿ ನಾನು ಒಂದೇ ಮಾತನ್ನು ಹೇಳಿಕೊಳ್ಳುತ್ತಿದ್ದೆ: ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ರೂಮಿಗೆ ಬಂದು ಹಳೆಯ ದಿನಚರಿ ತೆಗೆದೆ. ಮೊದಲ ಚೀಲ ಬಂದ ದಿನದ ಬರಹ ನಾಲ್ಕು ಸಾಲು. ಅದರಲ್ಲಿ ಎರಡನೆಯದು: "ಕೆಳಗೆ ಹಾಸಿದ ಕಾಗದ ಪೂರಾ ಜಿಡ್ಡಾಗಿದೆ, ಎತ್ತಿ ಎಸೆದೆ. ಕಾಯಿ ನೋಡಲು ಬಹಳ ಚೆಂದ."

ಒಣಮೆಣಸಿನಕಾಯಿ ಕಾಗದವನ್ನು ಜಿಡ್ಡು ಮಾಡುವುದಿಲ್ಲ. ಅದು ನನಗೆ ಗೊತ್ತಿತ್ತು, ಮೆಣಸಿನಕಾಯಿ ಬೆಳೆವ ಹಲಗೇರಿಯವರ ಮೊಮ್ಮಗಳಿಗೆ ಗೊತ್ತಿರದೆ ಇರುತ್ತದೆಯೇ? ನೋಡಿದ್ದೆ, ಬರೆದಿದ್ದೆ, ಎಸೆದಿದ್ದೆ. ಆ ಕಾಗದದ ನೆನಪು ಮಾತ್ರ ನನ್ನ ತಲೆಯಲ್ಲಿ ಎಲ್ಲೂ ಇಲ್ಲ. ಇವತ್ತಿಗೂ ಇಲ್ಲ. ನೋಡಬೇಕೆಂದಿರುವುದು ಚೆಂದದ ಕಾಯಿಯಾದಾಗ ಜಿಡ್ಡಿನ ಕಾಗದ ಕಣ್ಣಿಗೆ ಬಿದ್ದೂ ಬೀಳುವುದಿಲ್ಲ ಎಂದು ನನ್ನನ್ನು ನಾನು ಕ್ಷಮಿಸಿಕೊಳ್ಳಬಹುದು. ಆದರೆ ಬಿದ್ದಿತ್ತಲ್ಲ.

ಸರ್‌ಗೆ ಎಣ್ಣೆಯ ವಿಷಯ ಹೇಳಿದೆ, ಹೊಸ ಫಿಲ್ಮು ತೋರಿಸಿದೆ. ದಿನಚರಿಯ ಸಾಲನ್ನು ಹೇಳಲಿಲ್ಲ. ಅವರು, "ಇದು ಬ್ಯಾರೆ ಯಾರಿಗರ ಗೊತ್ತೈತೇನ್ರಿ?" ಎಂದು ಕೇಳಿದಂತೆ ನೆನಪು. ಆದರೆ ಆ ದಿನದ ಪುಟದಲ್ಲಿ "ಸರ್ ಏನೂ ಅನ್ನಲಿಲ್ಲ" ಎಂದಷ್ಟೇ ಇದೆ. ನನ್ನ ತಪ್ಪನ್ನು ಹಂಚಿಕೊಳ್ಳಲು ಒಬ್ಬರು ಬೇಕಾಗಿ ಆ ಪ್ರಶ್ನೆಯನ್ನು ನಾನೇ ಅವರ ಬಾಯಲ್ಲಿ ಇಟ್ಟಿರಬಹುದು. ಅವರು ಮಾಡಿದ್ದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಅಷ್ಟರಲ್ಲಿ ಅಚ್ಚಾಗಿದ್ದ ಲೇಖನವನ್ನು ಹಿಂದಕ್ಕೆ ಪಡೆಯುವ ಪತ್ರದ ಕರಡನ್ನು ಮರುದಿನವೇ ಬರೆದು ನನಗೆ ಓದಲು ಕೊಟ್ಟರು. ಅದರಲ್ಲಿ ಕಾರಣ ಹೀಗಿತ್ತು: ಮಾದರಿಯನ್ನು ಪೂರೈಸಿದ ಕೂಲಿಯವರು ನಮಗೆ ತಿಳಿಯದಂತೆ ಕಾಯಿಗೆ ಎಣ್ಣೆ ಸವರಿದ್ದರಿಂದ ಫಲಿತಾಂಶ ಕಲುಷಿತವಾಗಿದೆ.

ಒಂದು ವಾರ ಆ ಕಾಗದ ನನ್ನ ಚೀಲದಲ್ಲಿತ್ತು. ಅದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದರೆ ಸಿಗುತ್ತಿರಲಿಲ್ಲ. ನಾನು ಸಹಿ ಹಾಕಿದರೆ ನನ್ನ ಪ್ರಬಂಧಕ್ಕೆ ತಡವಾಗುತ್ತದೆ, ಅಷ್ಟೇ. ಹೆಸರು ಕೆಡುವುದಿಲ್ಲ. ಕೆಡುವುದು ಹೆಸರೇ ಇಲ್ಲದ ಕೂಲಿಯವರದು.

ಅಷ್ಟರಲ್ಲಿ ಚಿಗವ್ವನ ಎರಡನೆಯ ಸ್ಕ್ಯಾನಿಂಗಿನ ಕಾಲ ಬಂತು. ಬರಬೇಕಾದ ಆರು ತಿಂಗಳು ದಾಟಿ ಬಹಳ ದಿನವಾಗಿತ್ತು. ಈ ಸಲ ಹಾವೇರಿಗೆ ಹೋದದ್ದು ನಾನೇ, ದಿನಚರಿಯಲ್ಲೂ ಇದೆ. ಡಾಕ್ಟರು ಹಳೆಯ ಕಾಗದವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, "ಕಡಿಮಿ ಆಗಬೇಕಿತ್ತು, ಹೆಚ್ಚಾಗೈತ್ರಿ. ನಡದಿಲ್ಲೇನು ನೀವು?" ಎಂದರು. ಚಿಗವ್ವ ನನ್ನ ಮುಖ ನೋಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸು ಹತ್ತಿ ಕೂತ ಮೇಲೆ ಕೇಳಿದಳು. "ದಿನಾ ಎರಡೂ ಹೊತ್ತು ಖಾರ ತಿಂದೇನಿ. ಒಂದ ದಿನಾ ಬಿಟ್ಟಿಲ್ಲ. ಮತ್ತ ಯಾಕ ಹೆಚ್ಚಾತು?"

ಹೇಳಿದೆ. ಬಸ್ಸು ಹೊರಟು ಊರು ದಾಟುವವರೆಗೆ ಹೇಳುತ್ತಲೇ ಇದ್ದೆ. ಮೆಣಸಿನಕಾಯಿ ಏನೂ ಮಾಡಿಲ್ಲ, ಮಾಡಿದ್ದು ಎಣ್ಣೆ, ಎಣ್ಣೆಯೂ ರೋಗವನ್ನು ಇಳಿಸಿಲ್ಲ, ಬಚ್ಚಿಟ್ಟಿದೆ. ಚಿಗವ್ವ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೇಳಿದಳು.

"ಅಂದ್ರ ನಾ ಕೆಡಿಸಿದ್ನಿ ಅನ್ನು."

"ಇಲ್ಲ ಚಿಗವ್ವ."

"ಇಲ್ಲ ಅನಬ್ಯಾಡ. ಎರಡ ದಿನ ಕೂಲಿ ಬಿಟ್ಟು ಕುಂತು ಕೆಡಿಸಿದ್ನಿ. ನಿಮ್ಮ ಸರ್ ಬೈದ್ರೇನು?"

"ಬೈಲಿಲ್ಲ. ಪತ್ರ ಬರದಾರ."

"ಏನಂತ?"

ಚೀಲದಿಂದ ತೆಗೆದು ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ. ಇದನ್ನು ಅವಳಿಗೆ ಯಾಕೆ ಹೇಳಿದೆ ಎಂದು ಆಗಾಗ ಕೇಳಿಕೊಂಡಿದ್ದೇನೆ. ಸಹಿ ಹಾಕು ಎಂದು ಅವಳ ಬಾಯಿಂದಲೇ ಬರಲಿ ಎಂಬ ಆಸೆ ಇತ್ತೇನೋ. ಆಗ ನಾನು ಯಾರಿಗೂ ಅನ್ಯಾಯ ಮಾಡಿದಂತಾಗುತ್ತಿರಲಿಲ್ಲ.

"ತಿಳಿಯದಂಗ ಸವರಿದ್ರು ಅಂತೇನ? ಹನ್ನೆರಡ ಮಂದಿ ನಡುವ ಬಟ್ಟಲಾ ಇಟಗೊಂಡ ಕುಂದ್ರತೇವಿ. ಯಾರಿಗೆ ತಿಳಿಯದಂಗ? ನೀ ಒಂದ ಮಾತ ಹೇಳಿದ್ರ ನಾ ಹಚ್ಚತಿದ್ದಿಲ್ಲ. ಉರದ್ರ ಉರೀತಿತ್ತು, ಒಂದ ದಿನ ಮಜ್ಜಿಗ್ಯಾಗ ಕೈ ಇಡತಿದ್ನಿ. ನೀ ಕೇಳಲಿಲ್ಲ."

ಆಗ ನಾನು ಜಿಡ್ಡಿನ ಕಾಗದದ ಮಾತು ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮೊದಲ ದಿನವೇ ನೋಡಿದ್ದೆ, ಬರೆದಿಟ್ಟಿದ್ದೆ, ಕೇಳಲಿಲ್ಲ.

ಚಿಗವ್ವ ನನ್ನ ಕಡೆ ತಿರುಗಿದಳು. ಸಿಟ್ಟು ಬಂದಿತ್ತು, ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ. "ಮತ್ತ ಇದನ್ನ ನನ್ನ ಮುಂದ ಯಾಕ ಹೇಳಾಕತ್ತಿ? ನಾ ಏನ್ ನಿನ್ನ ಪೇಪರ ತಿದ್ದಾಕಿ ಏನ? ಯಾರ ಮುಂದ ಹೇಳಬೇಕೋ ಅವರ ಮುಂದ ಹೇಳು. ನಾ ಕೂಲಿಯಾಕಿ, ಖರೇ. ಕಳ್ಳಿ ಅಲ್ಲ."

ಮೋಟೆಬೆನ್ನೂರು ಬಂತು. ಚಿಗವ್ವ ಒಮ್ಮೆಲೇ ಎದ್ದು ಕಂಡಕ್ಟರಿಗೆ, "ಇಳೀತೇವ್ರಿ" ಎಂದಳು. ಬ್ಯಾಡಗಿಯವರೆಗೂ ಟಿಕೆಟು ಇದೆಯೆಂದು ಕಂಡಕ್ಟರು ಹೇಳಿದರೂ ಕೇಳಲಿಲ್ಲ. ಇಳಿದು ಸೆರಗು ಸಿಕ್ಕಿಸಿಕೊಂಡು ನನ್ನನ್ನು ನೋಡದೆ ಬ್ಯಾಡಗಿಯ ರಸ್ತೆ ಹಿಡಿದಳು. ನಾನು ಹಿಂದೆ ಓಡುತ್ತ ನಡೆದೆ. ಮಧ್ಯಾಹ್ನದ ಬಿಸಿಲು. ದಾರಿಯುದ್ದ ಅವಳು ಆಡಿದ ಮಾತು ಎರಡೇ. ಒಂದು, ಎದುರಿಗೆ ಬಂದ ಪರಿಚಯದವಳು ಯಾಕ ನಡಕೊಂತ ಹೊಂಟಿ ಎಂದು ಕೇಳಿದ್ದಕ್ಕೆ, "ಔಷಧ ತಪ್ಪಿತ್ತವ್ವ" ಎಂದದ್ದು. ಇನ್ನೊಂದು, ಮನೆ ಮುಟ್ಟಿದ ಮೇಲೆ ನೀರು ಕೊಡುತ್ತ ನನಗೆ ಹೇಳಿದ್ದು. "ಸೋಮವಾರ ನಿಮ್ಮ ಸರ್ ಕಡೆ ಹೋಗತಿ, ಹೌದಿಲ್ಲೋ?"

ಸೋಮವಾರ ಹೋದೆ. ಸರ್ ಎದುರು ನಿಂತು ಈ ಪತ್ರಕ್ಕೆ ಸಹಿ ಹಾಕಲಾರೆ ಎಂದೆ. ಅವರಿಗೆ ಆಶ್ಚರ್ಯವಾಯಿತು. ತಪ್ಪೇನಿದೆ ಇದರಲ್ಲಿ ಎಂದರು. ಜಿಡ್ಡಾದ ಕಾಗದವನ್ನು ನಾನು ಮೊದಲ ದಿನವೇ ನೋಡಿದ್ದೆ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿದ್ರಿ, ಆದರ ನನ್ನ ಮುಂದ ಹೇಳಲಿಲ್ಲ. ಇದನ್ನ ಬರದ್ರ ನಿಮ್ಮ ಹೆಸರಿಗೆ ಕಲೆ ಬೀಳತೈತಿ, ಗೊತ್ತೈತಿಲ್ಲ? ಪ್ರಬಂಧ ತಪಾಸಣಾ ಮಾಡೋರು ಓದತಾರ."

"ಗೊತ್ತೈತ್ರಿ ಸರ್."

"ನಂದೂ ಸಹಿ ಇರತೈತಿ ಅದರಾಗ."

ಅವರು ಕಿಟಕಿಯ ಕಡೆ ನೋಡುತ್ತ ಕೂತರು. ನಾನು ಹೊರಗೆ ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತೆ. ಕೊನೆಗೆ ಕರಡನ್ನು ನನ್ನ ಕಡೆ ತಳ್ಳಿ, ಪೆನ್ನು ಕೊಟ್ಟು, "ನೀವ ಬರೀರಿ" ಎಂದರು.

ಅವರ ವಾಕ್ಯವನ್ನು ಹೊಡೆದುಹಾಕಿ ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದೆ. ಮೆಣಸಿನಕಾಯಿ ಬಿಡಿಸುವವರು ಕೈಗೆ ಎಣ್ಣೆ ಹಚ್ಚಿಕೊಳ್ಳುವುದು ಆ ಕೆಲಸದ ರೂಢಿ. ಮಾದರಿಯನ್ನು ಹೇಗೆ ಆರಿಸಲಾಯಿತು ಎಂದು ಸಂಶೋಧಕಿ ಕೇಳಲಿಲ್ಲ, ಪೊಟ್ಟಣದಲ್ಲಿ ಎಣ್ಣೆಯ ಗುರುತು ಕಂಡರೂ ಪರೀಕ್ಷಿಸಲಿಲ್ಲ. ಸರ್ ಓದಿದರು. 'ಕಂಡರೂ' ಎಂಬಲ್ಲಿ ಬೆರಳು ನಿಂತಿತು. ಆ ಮಾತು ಇರಲೇಬೇಕೇ ಎಂದು ಅವರು ಕೇಳಲಿಲ್ಲ, ಆದರೆ ಬೆರಳನ್ನೂ ತೆಗೆಯಲಿಲ್ಲ.

"ಇರಲಿ ಸರ್" ಎಂದೆ.

ಅವರು ಬೆರಳು ತೆಗೆದು, ಹೊಸ ಪ್ರತಿ ಬೆರಳಚ್ಚು ಮಾಡಿಸಿಕೊಂಡು ಬರಲು ಹೇಳಿದರು.